ಕಳೆ ಕೀಳುವ ಕಾಲ

ಶ್ರಾವಣದ ಸೋನೆಮಳೆ ಬಿಡುವು ಕೊಟ್ಟ ದಿನಗಳಲ್ಲಿ ರಾಗಿ ಹೊಲದ ನಡುವೆ ಕುಕ್ಕರುಗಾಲಿನಲ್ಲಿ ಸಾಲಾಗಿ ಕುಳಿತು ಕಳೆ ಕೀಳುವ ಹೆಂಗಸರನ್ನು ನೀವು ಬಸ್ಸಿನ ಕಿಟಕಿಯಿಂದಲಾದರೂ ನೋಡಿರುತ್ತೀರಿ. ದೂರದಿಂದ ನೋಡುವವರಿಗೆ ಅದು ಬಹು ಸರಳವಾದ ಕೆಲಸ. ಬೇಕಾದ ಗಿಡವನ್ನು ಉಳಿಸುವುದು, ಬೇಡವಾದದ್ದನ್ನು ಕಿತ್ತೆಸೆಯುವುದು, ಅಷ್ಟೇ. ನನ್ನ ವಯಸ್ಸು ನಲವತ್ತು ದಾಟುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಗುರುಮಠದಲ್ಲಿದ್ದಾಗ ಪ್ರತಿ ಶನಿವಾರ ತೋಟದ ಕೆಲಸಕ್ಕೆ ನಮ್ಮನ್ನು ಕಳುಹಿಸುತ್ತಿದ್ದರು. ತೋಟ ನೋಡಿಕೊಳ್ಳುತ್ತಿದ್ದ ಸಹೋದರರು ಬೆರಳು ಮಾಡಿ ತೋರಿಸಿದ್ದನ್ನೆಲ್ಲ ಕಿತ್ತು ರಾಶಿ ಹಾಕಿ, ಕೈ ತೊಳೆದು, ತತ್ತ್ವಶಾಸ್ತ್ರದ ಪುಸ್ತಕಗಳಿಗೆ ಹಿಂದಿರುಗುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ಒಂದೇ ಒಂದು ಕಳೆಯ ಹೆಸರನ್ನಾದರೂ ನಾನು ಕೇಳಿ ತಿಳಿದುಕೊಂಡ ನೆನಪಿಲ್ಲ.

2012ರಲ್ಲಿ ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಧರ್ಮಕೇಂದ್ರಕ್ಕೆ ನನ್ನನ್ನು ಕಳುಹಿಸಿದರು. ಗುರುನಿವಾಸಕ್ಕೆ ಸೇರಿದಂತೆ ಅಲ್ಲಿ ಎರಡೂವರೆ ಎಕರೆ ಭೂಮಿಯಿತ್ತು. ಒಂದೂವರೆ ಎಕರೆ ಖುಷ್ಕಿ ಹೊಲ, ಕೆರೆಯ ಕೆಳಗೆ ಮುಕ್ಕಾಲು ಎಕರೆ ಗದ್ದೆ, ಉಳಿದದ್ದು ಬಾವಿಯ ಪಕ್ಕದ ತರಕಾರಿ ಮಡಿ. ಮೂರು ವರ್ಷ ಬೀಡುಬಿಟ್ಟ ಆ ಹೊಲದಲ್ಲಿ ಪಾರ್ಥೇನಿಯಂ ಗಿಡ ಎದೆಯ ಮಟ್ಟಕ್ಕೆ ಬೆಳೆದು ಬಿಳಿಯ ಹೂ ಹೊತ್ತು ನಿಂತಿತ್ತು. ನಮ್ಮ ಹಳ್ಳಿಗರು ಕಾಂಗ್ರೆಸ್ ಗಿಡವೆಂದು ಕರೆಯುವ ಈ ಸಸ್ಯದ ತವರು ಮೆಕ್ಸಿಕೋ ಮತ್ತು ಅದರ ಸುತ್ತಲಿನ ಅಮೆರಿಕದ ಪ್ರದೇಶ. 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದ ಅದು ನಂತರ ದೇಶವನ್ನೆಲ್ಲ ವ್ಯಾಪಿಸಿತು. ಪರದೇಶದಿಂದ ತರಿಸಿದ ಗೋಧಿಯೊಡನೆ ಅದರ ಬೀಜವೂ ಬಂದಿತೆಂದು ಹೇಳುವುದುಂಟು. ಅದನ್ನು ಮುಟ್ಟಿದವರಲ್ಲಿ ಹಲವರಿಗೆ ಚರ್ಮ ಕೆರೆದು ಗಾಯವಾಗುತ್ತದೆ. ನನಗೂ ಮೊದಲ ವಾರದಲ್ಲೇ ಮೊಣಕೈವರೆಗೆ ಕೆಂಪು ದದ್ದು ಎದ್ದಿತು.

ಮೊದಲ ಎರಡು ವರ್ಷ ಕೂಲಿಯವರನ್ನು ಕರೆದು ಹೇಗೋ ನಿಭಾಯಿಸಿದೆ. ಕೂಲಿಗೆ ಕೊಟ್ಟ ಹಣ ರಾಗಿ ಮಾರಿದ ಹಣಕ್ಕಿಂತ ಹೆಚ್ಚಾಯಿತು. ಲೆಕ್ಕದ ಪುಸ್ತಕ ನೋಡಿದವರು ನಕ್ಕರು. ನನಗೆ ನಗು ಬರಲಿಲ್ಲ. 2014ರಲ್ಲಿ ಮುಂಗಾರು ತಡವಾಯಿತು. ಮಳೆ ಬಂದಾಗ ಊರಿನ ಎತ್ತುಗಳಿಗೆಲ್ಲ ಒಂದೇ ಸಮನೆ ಬೇಡಿಕೆ, ಕೂಲಿಯವರಿಗೂ ಹಾಗೆಯೇ. ಜುಲೈ ತಿಂಗಳ ಮಧ್ಯದಲ್ಲಿ ಒಂದು ಮಂಗಳವಾರ, ಪೇಟೆಯಿಂದ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ತರಿಸಿ, ಬಾಡಿಗೆಯ ಪಂಪು ಹೊತ್ತ ಹುಡುಗನೊಬ್ಬನಿಂದ ಹೊಲಕ್ಕೂ ಬದುಗಳಿಗೂ ಹೊಡೆಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಖರ್ಚು ಕೂಲಿಯ ಕಾಲು ಭಾಗವೂ ಆಗಲಿಲ್ಲ. ಇಷ್ಟು ಸುಲಭದ ದಾರಿಯಿರುವಾಗ ಎರಡು ವರ್ಷ ಏಕೆ ಒದ್ದಾಡಿದೆನೆಂದು ನನ್ನನ್ನು ನಾನೇ ಹಳಿದುಕೊಂಡೆ.

ಹೊಲದ ಆಚೆ ಬದಿಯ ಕೇರಿಯಲ್ಲಿ ಕೂಲಿ ಮಾಡಿ ಬದುಕುವ ಅಜ್ಜಿಯೊಬ್ಬರು ತಮ್ಮ ಮೊಮ್ಮಗಳೊಡನೆ ವಾಸವಾಗಿದ್ದರು. ವಾರಕ್ಕೆರಡು ಬಾರಿ ನಮ್ಮ ಬದುಗಳ ಮೇಲೆ ಬಂದು ಬೆರಕೆ ಸೊಪ್ಪು ಕೊಯ್ದುಕೊಳ್ಳುವುದು ಅವರ ರೂಢಿ. ಅಣ್ಣೆ ಸೊಪ್ಪು, ಗಣಿಕೆ, ಕಿರಕಸಾಲೆ, ಹೊನಗೊನ್ನೆ, ಗೋಣಿ ಸೊಪ್ಪು ಮುಂತಾಗಿ, ನನ್ನ ಕಣ್ಣಿಗೆ ಕೇವಲ ಕಳೆಯಾಗಿದ್ದ ಹತ್ತಾರು ಬಗೆ ಅವರ ಮಡಿಲಿನಲ್ಲಿ ಸೊಪ್ಪಾಗುತ್ತಿದ್ದವು. ಅದರ ಬಸ್ಸಾರು, ಎರಡು ರಾಗಿ ಮುದ್ದೆ, ಅವರ ರಾತ್ರಿಯ ಊಟ. ಔಷಧ ಹೊಡೆಸುವಾಗ ನನಗೆ ಅವರ ನೆನಪೇ ಆಗಲಿಲ್ಲ.

ಗ್ಲೈಫೋಸೇಟ್ ಬಿದ್ದ ಗಿಡ ಒಡನೆಯೇ ಬಾಡುವುದಿಲ್ಲ. ಹಲವು ದಿನ ಹಸಿರಾಗಿಯೇ ನಿಂತಿದ್ದು ನಂತರ ಹಳದಿಗೆ ತಿರುಗುತ್ತದೆ. ಗುರುವಾರ ಸಂಜೆ ಜಗುಲಿಯ ಮೇಲೆ ಹೊರಗಿನಿಂದ ಬಂದ ಇಬ್ಬರು ಹಿರಿಯರೊಡನೆ ಮಾತನಾಡುತ್ತಿದ್ದಾಗ ಅಜ್ಜಿ ಮಡಿಲು ತುಂಬ ಸೊಪ್ಪು ತುಂಬಿಕೊಂಡು ಬದುವಿನ ಮೇಲೆ ನಡೆದು ಹೋದುದನ್ನು ಕಂಡೆ. ಪ್ರಿಯ ಓದುಗರೇ, ಇಲ್ಲಿ ನಾನು ಮುಚ್ಚಿಡದೆ ಹೇಳಬೇಕು. ಆ ಕ್ಷಣದಲ್ಲಿಯೇ ಎದ್ದು ಓಡಬೇಕಾಗಿತ್ತು. ನಾನು ಏಳಲಿಲ್ಲ. ಬಂದವರ ಮುಂದೆ ಕೂಗಿ ಹೇಳಲು ಸಂಕೋಚ. ಬಹುಶಃ ಅವರು ಪಕ್ಕದ ಹೊಲದ ಬದುವಿನಲ್ಲಿ ಕೊಯ್ದಿರಬಹುದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅತಿಥಿಗಳನ್ನು ಬೀಳ್ಕೊಟ್ಟು, ಟಾರ್ಚು ಹಿಡಿದು ಅವರ ಮನೆ ಬಾಗಿಲಿಗೆ ಹೋದಾಗ ರಾತ್ರಿ ಎಂಟು ಗಂಟೆ. ಊಟ ಮುಗಿದು ಮೊಮ್ಮಗಳು ತಟ್ಟೆ ತೊಳೆಯುತ್ತಿದ್ದಳು.

ನಡೆದುದನ್ನು ಹೇಳಿದೆ. ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಹೊಡೆಯೋ ಮುಂಚೆ ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಸ್ವಾಮಿ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗಾಗುತ್ತಲೇ ಇಬ್ಬರನ್ನೂ ವೈದ್ಯರ ಬಳಿಗೆ ಕರೆದೊಯ್ದೆ. ದೇವರ ದಯೆಯಿಂದ ಅವರಿಗೆ ಏನೂ ಆಗಿರಲಿಲ್ಲ. ಆದರೆ ಏನೂ ಆಗಲಿಲ್ಲವೆಂಬುದು ನನ್ನ ತಪ್ಪನ್ನು ಕಡಿಮೆ ಮಾಡುವುದಿಲ್ಲ. ಅಂದಿನಿಂದ ಅಜ್ಜಿ ನಮ್ಮ ಬದುಗಳಿಗೆ ಬರುವುದನ್ನು ನಿಲ್ಲಿಸಿದರು.

ಮುಂದಿನ ಭಾನುವಾರ, ಅಂದರೆ ಜುಲೈ 20ರಂದು, ಬಲಿಪೂಜೆಯಲ್ಲಿ ಓದಬೇಕಾಗಿದ್ದ ಶುಭಸಂದೇಶ ಯಾವುದೆಂದು ಬಲ್ಲಿರಾ? ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ಬರುವ, ಗೋಧಿ ಮತ್ತು ಕಳೆಯ ಸಾಮತಿ. ಕಳೆಯನ್ನು ಕೀಳಲು ಹೊರಟ ಆಳುಗಳನ್ನು ತಡೆದು, ಸುಗ್ಗಿಯವರೆಗೆ ಎರಡೂ ಕೂಡಿ ಬೆಳೆಯಲೆಂದು ಹೇಳುವ ಯಜಮಾನನ ಕಥೆ. ನಾನು ಏನನ್ನು ಬೋಧಿಸಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಆದರೆ ಪೂಜೆ ಮುಗಿದ ಬಳಿಕ ಒಬ್ಬ ವೃದ್ಧ ರೈತರು ಕೇಳಿದ ಪ್ರಶ್ನೆ ಮಾತ್ರ ಇಂದಿಗೂ ಕಿವಿಯಲ್ಲಿದೆ. "ಕಳೆ ಕೀಳಬ್ಯಾಡ ಅಂದ್ರೆ ರಾಗಿ ಬೆಳೆಯೋದು ಹೆಂಗೆ ಸ್ವಾಮಿ? ಆ ಯಜಮಾನ್ರು ಬೇಸಾಯ ಮಾಡಿದ್ರೋ ಇಲ್ಲೋ?"

ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ದೊರೆತದ್ದು ಪುಸ್ತಕಗಳಲ್ಲಿ ಅರ್ಧ, ಆ ವೃದ್ಧರ ಹೊಲದಲ್ಲಿ ಅರ್ಧ. ಸಾಮತಿಯಲ್ಲಿ ಹೇಳಿರುವ ಕಳೆ, ಗೋಧಿಯ ಹೊಲಗಳಲ್ಲಿ ಬೆಳೆಯುವ, ಗೋಧಿಯನ್ನೇ ಹೋಲುವ ಒಂದು ಬಗೆಯ ವಿಷಹುಲ್ಲು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ತೆನೆ ಹೊರಬರುವವರೆಗೆ ಅದನ್ನು ಗೋಧಿಯಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಗುರುತು ಸಿಗುವ ಹೊತ್ತಿಗೆ ಎರಡರ ಬೇರುಗಳೂ ಹೆಣೆದುಕೊಂಡಿರುತ್ತವೆ. ಆದುದರಿಂದ ಆ ಯಜಮಾನ ಬೇಸಾಯ ತಿಳಿಯದವನಲ್ಲ, ಚೆನ್ನಾಗಿ ತಿಳಿದವನೇ. ಕಳೆ ಕೀಳಲು ಒಂದು ಕಾಲವಿದೆ, ಆ ಕಾಲ ಮೀರಿತೆಂಬುದನ್ನು ಅವನು ಬಲ್ಲ. ಇದನ್ನು ಹೇಳಿದಾಗ ವೃದ್ಧರು ತಲೆದೂಗಿ, "ಹಂಗಾದ್ರೆ ಸರಿ. ನಮ್ಮ ರಾಗಿಗೂ ಒಂದು ಕಾಲ ಐತೆ, ಬನ್ನಿ ತೋರಿಸ್ತೀನಿ" ಎಂದರು.

ಅವರು ಹೊಲದಲ್ಲಿ ತೋರಿಸಿದ ಮೊದಲ ಪಾಠ ನನ್ನ ಔಷಧದ ಫಲವನ್ನೇ. ಎಲ್ಲವೂ ಒಣಗಿ ಕಂದಾಗಿದ್ದ ನೆಲದಲ್ಲಿ ಆಶ್ಲೇಷ ಮಳೆ ಬೀಳುತ್ತಲೇ ಎಲ್ಲಕ್ಕಿಂತ ಮೊದಲು ತಲೆ ಎತ್ತಿದ್ದು ಕೊನ್ನಾರಿ. ಜೇಕು ಎಂದೂ ಕರೆಯುವ ಈ ಹುಲ್ಲಿನ ಕೆಳಗೆ ಮಣ್ಣಿನಲ್ಲಿ ಜಪಮಾಲೆಯ ಮಣಿಗಳಂತೆ ಗಡ್ಡೆಗಳ ಸರಪಳಿಯಿರುತ್ತದೆ. ಮೇಲಿನ ಎಲೆ ಸತ್ತರೂ ಕೆಳಗಿನ ಗಡ್ಡೆಗಳೆಲ್ಲ ಸಾಯುವುದಿಲ್ಲ. ಪೈಪೋಟಿಗೆ ಬೇರೆ ಗಿಡಗಳಿಲ್ಲದ್ದರಿಂದ ಆ ವರ್ಷ ಅದು ನಮ್ಮ ಹೊಲದಲ್ಲಿ ಒಡೆಯನಂತೆ ಹಬ್ಬಿತು. ಜಗತ್ತಿನ ಅತ್ಯಂತ ಕೆಟ್ಟ ಕಳೆಗಳ ಪಟ್ಟಿಯಲ್ಲಿ ತಜ್ಞರು ಇದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಇದೇ ಗಡ್ಡೆಯನ್ನು ಆಯುರ್ವೇದದ ಪಂಡಿತರು ಮುಸ್ತಾ ಎಂದು ಕರೆದು ಔಷಧಕ್ಕೆ ಬಳಸುತ್ತಾರೆ.

ಮುಂದಿನ ನಾಲ್ಕು ವರ್ಷಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಸಣ್ಣ ಹಿಡುವಳಿಯ ಓದುಗರಿಗೆ ಉಪಯೋಗವಾದೀತು.

ಕೊನ್ನಾರಿಗೆ ಮದ್ದು ಬೇಸಿಗೆಯ ಬಿಸಿಲು. ಕೊಯ್ಲಾದ ಬಳಿಕ ಮಾಗಿ ಉಳುಮೆ ಮಾಡಿ ಗಡ್ಡೆಗಳನ್ನು ಮೇಲೆ ತಂದರೆ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿಗೆ ಒಣಗಿ ಸಾಯುತ್ತವೆ. ಆರಿಸಿ ತೆಗೆದಷ್ಟೂ ಒಳ್ಳೆಯದು. ಒಂದೇ ವರ್ಷದಲ್ಲಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಎರಡನೆಯದು, ಬಿತ್ತನೆಗೆ ಅವಸರಪಡಬಾರದು. ಭರಣಿ, ರೋಹಿಣಿ ಮಳೆಗೆ ನೆಲ ಹದವಾದಾಗ ಕಳೆಯ ಬೀಜಗಳು ತಾವಾಗಿಯೇ ಮೊಳೆಯುತ್ತವೆ. ಎರಡೆಲೆಯಾದಾಗ ಕುಂಟೆ ಹೊಡೆದು ಮಗುಚಬೇಕು. ಮತ್ತೊಂದು ಮಳೆಗೆ ಉಳಿದವು ಮೊಳೆತರೆ ಮತ್ತೊಮ್ಮೆ. ಬಿತ್ತುವ ಮುನ್ನವೇ ಹೀಗೆ ಎರಡು ಸಲ ಕಳೆಯ ಬೆಳೆಯನ್ನು ಕೊಯ್ದಂತಾಗುತ್ತದೆ. ನಾನು ಔಷಧದಿಂದ ಮಾಡಲು ಹೊರಟದ್ದನ್ನು ನಮ್ಮ ಹಿರಿಯರು ಮಳೆಯಿಂದಲೇ ಮಾಡಿಸುತ್ತಿದ್ದರು.

ಮೂರನೆಯದು ಸಾಲು. ರಾಗಿಯನ್ನು ಎರಚಿದರೆ ಅದರ ಹತ್ತಿರದ ಬಂಧುವಾದ ಕಾಡುರಾಗಿ ಹುಲ್ಲು ಅದರೊಳಗೆ ಅಡಗಿಕೊಳ್ಳುತ್ತದೆ. ಎಳೆಯದಾಗಿರುವಾಗ ಎರಡೂ ಒಂದೇ ರೂಪ. ಸಾಮತಿಯ ಗೋಧಿ ಹೊಲದ ತೊಡಕೇ ಇಲ್ಲಿಯದೂ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದರೆ ಸಾಲಿನ ಹೊರಗಿರುವುದೆಲ್ಲ ಕಳೆಯೆಂದು ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಬಿತ್ತಿದ ಮೂರು ವಾರಕ್ಕೆ ಒಮ್ಮೆ, ಮತ್ತೆ ಹತ್ತು ಹದಿನೈದು ದಿನಕ್ಕೆ ಇನ್ನೊಮ್ಮೆ ಎಡೆಕುಂಟೆ ಹೊಡೆದರೆ ಸಾಲಿನೊಳಗಿನದನ್ನು ಮಾತ್ರ ಕೈಯಿಂದ ಕಿತ್ತರೆ ಸಾಕು. ಮೊದಲ ಐದಾರು ವಾರ ರಾಗಿಯನ್ನು ಕಾಪಾಡಿದರೆ ಆಮೇಲೆ ಅದು ತೆಂಡೆಯೊಡೆದು ತನ್ನ ನೆರಳಿನಿಂದಲೇ ಕಳೆಯನ್ನು ಅಡಗಿಸುತ್ತದೆ. ಆಗ ಹೊಲಕ್ಕೆ ಕಾಲಿಟ್ಟು ಕೀಳಹೊರಟರೆ ಬೆಳೆಗೇ ಹಾನಿ. ವೃದ್ಧರು ಹೇಳಿದ ಕಾಲ ಇದೇ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಿದರೆ ಖಾಲಿ ನೆಲ ಕಳೆಯ ಪಾಲಾಗುವುದು ತಪ್ಪುತ್ತದೆ.

ತರಕಾರಿ ಮಡಿಯಲ್ಲಿ ಒಣಹುಲ್ಲು, ತರಗೆಲೆಗಳ ಹೊದಿಕೆ ನಮಗೆ ಹೆಚ್ಚಿನ ನೆರವಾಯಿತು. ಬೆಳಕು ಕಾಣದ ಬೀಜಗಳಲ್ಲಿ ಅನೇಕವು ಮೊಳೆಯುವುದಿಲ್ಲ. ಮೊಳೆತವೂ ಹೊದಿಕೆಯನ್ನು ದಾಟಿ ಮೇಲೇಳಲಾರವು. ನೆಲದ ತೇವವೂ ಉಳಿಯುತ್ತದೆ. ಬೆಳೆಯಿಲ್ಲದ ಮಡಿಯನ್ನು ಬರಿದಾಗಿ ಬಿಡದೆ ಸೆಣಬು ಚೆಲ್ಲಿ, ಹೂ ಕಾಣುವ ಹೊತ್ತಿಗೆ ಮಣ್ಣಿಗೆ ಸೇರಿಸುತ್ತಿದ್ದೆವು. ಹಸಿಗೊಬ್ಬರವನ್ನು ಹೊಲಕ್ಕೆ ಹಾಕಿದರೆ ದನ ತಿಂದ ಹುಲ್ಲಿನ ಬೀಜವನ್ನು ನಾವೇ ಬಿತ್ತಿದಂತೆ. ತಿಪ್ಪೆ ಚೆನ್ನಾಗಿ ಬಿಸಿಯೇರಿ ಕಳಿತ ಮೇಲೆಯೇ ಅದನ್ನು ಬಳಸಬೇಕು. ಪಾರ್ಥೇನಿಯಂ ಗಿಡವನ್ನು ಕೈಗೆ ಚೀಲ ಸುತ್ತಿಕೊಂಡು, ಮಳೆ ಬಿದ್ದು ಮಣ್ಣು ಮೆದುವಾಗಿರುವಾಗ, ಹೂ ಬಿಡುವ ಮುನ್ನವೇ ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕುತ್ತಿದ್ದೆವು. ಹೂ ಬಂದ ಮೇಲೆ ಕಿತ್ತರೆ ಬೀಜವನ್ನು ಹೊತ್ತು ಊರೆಲ್ಲ ಬಿತ್ತಿದಂತೆ. ಅದನ್ನು ತಿನ್ನುವ ಪುಟ್ಟ ಜೀರುಂಡೆಯೊಂದನ್ನು ವಿಜ್ಞಾನಿಗಳು ಮೆಕ್ಸಿಕೋದಿಂದ ತಂದು, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಮಳೆಗಾಲದಲ್ಲಿ ಎಲೆಗಳೆಲ್ಲ ಜಾಲರಿಯಂತಾದ ಪಾರ್ಥೇನಿಯಂ ಗಿಡವನ್ನು ಕಂಡರೆ ಹತ್ತಿರ ಹೋಗಿ ನೋಡಿ. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆಗಳಿರುವ ಆ ಕೆಲಸಗಾರ ನಿಮಗೆ ಕಾಣಿಸಬಹುದು.

ಗದ್ದೆಯ ವಿಷಯದಲ್ಲಿ ನನಗೆ ದಾರಿ ತೋರಿದವರು ನನ್ನಂತೆಯೇ ಒಬ್ಬ ಗುರು. ಫ್ರಾನ್ಸ್ ದೇಶದ ಯೇಸುಸಭೆಯ ಗುರು ಆನ್ರಿ ದ ಲೋಲಾನಿಯೆ ಅವರು 1961ರಲ್ಲಿ ಮಡಗಾಸ್ಕರಿಗೆ ಹೋಗಿ ಅಲ್ಲಿನ ಬಡ ರೈತರೊಡನೆ ಬಾಳಿದವರು, ಕೃಷಿಶಾಸ್ತ್ರ ಓದಿದ್ದವರು. 1983ರಲ್ಲಿ ಪರಿಸ್ಥಿತಿಯ ಒತ್ತಡಕ್ಕೆ ಸಿಕ್ಕಿ 15 ದಿನದ ಎಳೆಯ ಸಸಿಗಳನ್ನೇ ನಾಟಿ ಮಾಡಬೇಕಾಗಿ ಬಂದಿತು. ಆ ಸಸಿಗಳು ನಿರೀಕ್ಷೆ ಮೀರಿ ತೆಂಡೆಯೊಡೆದುದನ್ನು ಕಂಡು ಅವರು ರೂಪಿಸಿದ ಬೇಸಾಯವನ್ನೇ ನಾವು ಇಂದು ಶ್ರೀ ಪದ್ಧತಿ ಎನ್ನುತ್ತೇವೆ. ಎಳೆಯ ಸಸಿ, ಕುಣಿಗೆ ಒಂದೇ ಸಸಿ, ಸಸಿಯಿಂದ ಸಸಿಗೆ ಎಲ್ಲ ಕಡೆಯೂ 25 ಸೆಂಟಿಮೀಟರ್ ಅಂತರ, ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ನೆನೆಸುತ್ತ ಆರಿಸುತ್ತ ಹೋಗುವುದು, ಇವು ಅದರ ಮುಖ್ಯ ಅಂಶಗಳು. ನೀರು ನಿಲ್ಲದಿದ್ದರೆ ಕಳೆ ಹೆಚ್ಚು, ಇದು ಅದರ ಕಷ್ಟ. ಅದಕ್ಕೆ ಉತ್ತರ, ಚೌಕಾಕಾರದ ಸಾಲುಗಳ ನಡುವೆ ಉದ್ದಕ್ಕೂ ಅಡ್ಡಕ್ಕೂ ತಳ್ಳುವ ಉರುಳು ಕಳೆಯಂತ್ರ. ನಾಟಿಯಾದ ಹತ್ತು ಹನ್ನೆರಡು ದಿನಕ್ಕೆ ಆರಂಭಿಸಿ ಹತ್ತು ದಿನಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ತಳ್ಳಿದರೆ, ಕಳೆ ಕೆಸರಿನಲ್ಲಿ ಹೂತು ಗೊಬ್ಬರವಾಗುತ್ತದೆ, ಬೇರುಗಳಿಗೆ ಗಾಳಿಯೂ ದೊರೆಯುತ್ತದೆ. ಆ ಗುರುಗಳು 1995ರಲ್ಲಿ ತೀರಿಕೊಂಡರು. ಯಂತ್ರವನ್ನು ನಾನೇ ತಳ್ಳಿದ ಮೊದಲ ದಿನ ಸಂಜೆ ನನ್ನ ತೋಳುಗಳು ಮೇಲೇಳಲಿಲ್ಲ. ಆದರೂ ಬೆನ್ನು ಬಗ್ಗಿಸದೆ ಕಳೆ ತೆಗೆಯಬಹುದೆಂದು ನೋಡಿದ ಹೆಂಗಸರು ಅದನ್ನು ನನ್ನ ಕೈಯಿಂದ ಕಸಿದುಕೊಂಡರು.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಅದು ಸುಳ್ಳಾದೀತು. ಸಾವಯವ ಬೇಸಾಯದಲ್ಲಿ ಕಳೆಯ ಭಾರ ಬೀಳುವುದು ಹೆಚ್ಚಾಗಿ ಬಡ ಹೆಂಗಸರ ಸೊಂಟದ ಮೇಲೆ. ವಿಷವಿಲ್ಲದ ರಾಗಿ ಬೇಕೆನ್ನುವ ನಾವು ಅವರ ಕೂಲಿಯಲ್ಲಿ ಚೌಕಾಸಿ ಮಾಡಿದರೆ ಆ ಅನ್ನ ಶುದ್ಧವೆನ್ನಲಾಗದು. ಮೊದಲ ವರ್ಷ ನಮಗೆ ಇಳುವರಿ ಕಡಿಮೆಯಾಯಿತು. ಖರ್ಚು ಆದಾಯಗಳು ಸರಿದೂಗಿದ್ದು ಮೂರನೆಯ ವರ್ಷ. ನನಗೆ ಗುರುನಿವಾಸದಲ್ಲಿ ಊಟಕ್ಕೆ ಕೊರತೆಯಿರಲಿಲ್ಲ, ಆದ್ದರಿಂದ ಕಾಯಬಲ್ಲವನಾಗಿದ್ದೆ. ಸಾಲ ತೀರಿಸಬೇಕಾದ, ಮಕ್ಕಳ ಶುಲ್ಕ ಕಟ್ಟಬೇಕಾದ ನೆರೆಹೊಲದವನು ಔಷಧದ ಪಂಪು ಹೊತ್ತರೆ ಅವನನ್ನು ದೂಷಿಸುವ ಹಕ್ಕು ನನಗಿಲ್ಲ. 2015ರ ಮಾರ್ಚ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಗ್ಲೈಫೋಸೇಟನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳ ವರ್ಗಕ್ಕೆ ಸೇರಿಸಿತು. ಬೇರೆ ಕೆಲವು ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ಆ ವಾದವನ್ನು ತೀರ್ಮಾನಿಸುವಷ್ಟು ವಿದ್ಯೆ ನನ್ನದಲ್ಲ. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ತಟ್ಟೆ ತೊಳೆಯುತ್ತಿದ್ದ ಆ ಹುಡುಗಿ ಮಾತ್ರ.

ಅದೇ ವರ್ಷದ ಮಳೆಗಾಲದಲ್ಲಿ ನಾನೇ ಅಜ್ಜಿಯ ಮನೆಗೆ ಹೋಗಿ, ಇನ್ನು ಮುಂದೆ ನಮ್ಮ ಹೊಲಕ್ಕೆ ಔಷಧ ಹೊಡೆಸುವುದಿಲ್ಲವೆಂದು ಮಾತು ಕೊಟ್ಟೆ. ಅವರು ಹೂಂ ಎಂದರು, ಬರಲಿಲ್ಲ. ಮಾತು ಕೊಡುವುದು ಸುಲಭ, ಅದನ್ನು ನಂಬುವುದು ಅಷ್ಟು ಸುಲಭವಲ್ಲ. ಎರಡು ಮಳೆಗಾಲ ಕಳೆದವು. ಈ ನಡುವೆ ಅವರು ಬೇರೆಯವರ ಹೊಲಗಳಲ್ಲಿ ಕೂಲಿಗೆ ಹೋಗುವಾಗ ನಮ್ಮ ಬದುವಿನ ಪಕ್ಕದಲ್ಲಿಯೇ ಹಾದುಹೋಗುತ್ತಿದ್ದರು. ಅಣ್ಣೆ ಸೊಪ್ಪು ಬೆಳೆದು, ಬಲಿತು, ಬೆಳ್ಳಿಯಂತೆ ಹೊಳೆಯುವ ತೆನೆ ಬಿಡುತ್ತಿತ್ತು. ಕೀಳುವವರಿಲ್ಲದೆ ಆ ಊಟ ಮತ್ತೆ ಕಳೆಯಾಗುತ್ತಿತ್ತು.

2017ರ ಆಗಸ್ಟ್ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಹಿಂದಿನಿಂದ, "ಅದು ಗಣಿಕೆ ಸ್ವಾಮಿ, ಕೀಳಬ್ಯಾಡಿ" ಎಂಬ ಧ್ವನಿ ಕೇಳಿಸಿತು. ಅಜ್ಜಿ ಮೊಮ್ಮಗಳೊಡನೆ ಬದುವಿನ ಮೇಲೆ ನಿಂತಿದ್ದರು. ಕೆಳಗಿಳಿದು ಬಂದು, ನಾನು ಕಿತ್ತು ಹಾಕಿದ್ದ ರಾಶಿಯನ್ನು ಮೂರು ಪಾಲು ಮಾಡಿದರು. ಒಂದು ಪಾಲು ಸಾರಿಗೆ, ಒಂದು ಪಾಲು ದನಕ್ಕೆ, ಉಳಿದದ್ದು ಗುಂಡಿಗೆ. ಗುಂಡಿಗೆ ಹೋದದ್ದು ಎಲ್ಲಕ್ಕಿಂತ ಚಿಕ್ಕ ಪಾಲು. ಅಂದು ಅವರಿಂದ ಹನ್ನೊಂದು ಗಿಡಗಳ ಹೆಸರನ್ನು ಕಲಿತೆ. ಹಿಂದಿನದರ ಬಗ್ಗೆ ಅವರೂ ಮಾತನಾಡಲಿಲ್ಲ, ನಾನೂ ಮಾತನಾಡಲಿಲ್ಲ. ಸಂಜೆ ಮೊಮ್ಮಗಳು ಒಂದು ಬಟ್ಟಲು ಬಸ್ಸಾರು ತಂದು ಜಗುಲಿಯ ಮೇಲಿಟ್ಟು ಹೋದಳು.

ಮರುವರ್ಷ ನನಗೆ ವರ್ಗವಾಯಿತು. ಈಗ ನಾನಿರುವ ಪಟ್ಟಣದ ಗುರುನಿವಾಸದಲ್ಲಿ ಭೂಮಿಯೆಂದರೆ ಕಾಂಪೌಂಡಿನ ಪಕ್ಕದ ನಾಲ್ಕು ಗಜದ ಮಡಿ. ಅಲ್ಲಿಯೂ ಮಳೆ ಬಿದ್ದರೆ ಕಳೆ ಹುಟ್ಟುತ್ತದೆ. ಕೆಲಸದ ಹುಡುಗ ಗುದ್ದಲಿ ಎತ್ತಿಕೊಂಡಾಗ, ಸ್ವಲ್ಪ ತಾಳು ಎಂದು ನಾನೂ ಅವನ ಪಕ್ಕದಲ್ಲಿ ಕುಕ್ಕರಿಸಿ ಕೂರುತ್ತೇನೆ. ಹೆಸರು ತಿಳಿದದ್ದನ್ನು ಅವನಿಗೆ ಹೇಳುತ್ತೇನೆ, ತಿಳಿಯದ್ದನ್ನು ತರಕಾರಿ ಮಾರಲು ಬರುವ ಹೆಂಗಸಿಗೆ ತೋರಿಸಿ ಕೇಳುತ್ತೇವೆ. ಆಮೇಲೆ ಕೀಳಬೇಕಾದದ್ದನ್ನು ತಡಮಾಡದೆ ಕೀಳುತ್ತೇವೆ.

ಪ್ರಿಯ ಓದುಗರೇ, ನಿಮ್ಮದು ಎರಡು ಎಕರೆಯಿರಲಿ, ಮನೆಯ ಮುಂದಿನ ಎರಡು ಕುಂಡಗಳಿರಲಿ, ಈ ಮಳೆಗಾಲದಲ್ಲಿ ನೀವೂ ಹಾಗೊಮ್ಮೆ ಕುಳಿತು ನೋಡಿ. ಔಷಧ ಹೊಡೆಸಲೇಬೇಕಾದ ಅನಿವಾರ್ಯತೆ ಬಂದರೆ, ನಿಮ್ಮ ಬದುವಿನ ಮೇಲೆ ಯಾರು ನಡೆಯುತ್ತಾರೆ, ಯಾರ ಮಡಿಲಿಗೆ ಅಲ್ಲಿಂದ ಏನು ಹೋಗುತ್ತದೆ ಎಂಬುದನ್ನು ವಿಚಾರಿಸಿ, ಅವರ ಮನೆಗೆ ಮೊದಲು ಹೋಗಿ ಒಂದು ಮಾತು ಹೇಳಿ. ನಾನು ಆ ಮಾತನ್ನು ಹೇಳಲಿಲ್ಲ. ಅದಕ್ಕಾಗಿ ಮೂರು ವರ್ಷ ಕಾಯಬೇಕಾಯಿತು.